ಮೂರು ಗೆರೆ ಎಳೆದ ಶೂಹಾರ್ಟ್

ಸಂಚಿಕೆಗೆ ಏನಾದರೂ ಬರಿ ಅಂತ ಸಂಪಾದಕರು ಎರಡು ತಿಂಗಳಿಂದ ಹಿಂದೆ ಬಿದ್ದಿದ್ದರು. ದೊಡ್ಡವರ ಜೀವನದ ಬಗ್ಗೆ ಬರೆಯೋಣ ಅಂದರೆ ವಿಶ್ವೇಶ್ವರಯ್ಯನವರು, ಕುವೆಂಪು, ಅಣ್ಣಾವ್ರು, ಇವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯೋರು ನಮ್ಮ ಕೂಟದಲ್ಲೇ ಹತ್ತು ಜನ ಇದ್ದಾರೆ. ನಾನು ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಒಂಬತ್ತು ವರ್ಷದಿಂದ ಇಲ್ಲಿ ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಯಾನಲ್ ಬೋರ್ಡ್ ವೈರಿಂಗ್ ಮಾಡೋನು. ಹಾಗಾಗಿ ನನ್ನ ಕೆಲಸಕ್ಕೆ ಹತ್ತಿರದ ಒಬ್ಬರನ್ನು ಆರಿಸಿಕೊಂಡೆ. ಹೆಸರು ವಾಲ್ಟರ್ ಆಂಡ್ರ್ಯೂ ಶೂಹಾರ್ಟ್. ಕಾಲಿಗೆ ಹಾಕೋ ಶೂ, ಎದೆಯಲ್ಲಿರೋ ಹಾರ್ಟ್, ಎರಡನ್ನೂ ಸೇರಿಸಿ ಹೇಳಿದರೆ ಆಯ್ತು. ಫ್ಯಾಕ್ಟರಿ ಓದು ಓದಿದವರಿಗೆಲ್ಲ ಗೊತ್ತಿರೋ ಹೆಸರು. ನಮ್ಮಂಥವರಿಗೆ ಯಾರೂ ಹೇಳಿಕೊಡಲ್ಲ, ಆದರೆ ಅವರು ಕಂಡುಹಿಡಿದದ್ದು ದಿನಾ ನಮ್ಮ ಸಂಬಳದ ಮೇಲೆ ಬೀಳುತ್ತೆ.

ನನಗೆ ಇವರ ಪರಿಚಯ ಆಗಿದ್ದು ಒಂದು ವಾರ್ನಿಂಗ್ ಲೆಟರ್‌ನಿಂದ. ನಾನು ಆಗ ಇದ್ದ ಶಾಪ್‌ನಲ್ಲಿ ಆರು ಜನ ವೈರ್‌ಮ್ಯಾನ್‌ಗಳು. ಎಲ್ಲರೂ ತಿಂಗಳಿಗೆ ಹೆಚ್ಚು ಕಮ್ಮಿ ಅಷ್ಟೇ ಬೋರ್ಡ್ ಮಾಡ್ತಿದ್ವಿ. ಟೆಸ್ಟಿಂಗ್‌ನವರು ಪ್ರತಿಯೊಬ್ಬರ ಕೆಲಸದಲ್ಲಿ ಸಿಕ್ಕ ತಪ್ಪು ಎಣಿಸಿ ಬರೀತಿದ್ದರು: ಲೂಸ್ ಲಗ್, ತಪ್ಪು ಫೆರೂಲ್ ನಂಬರು, ಟೈಟ್ ಆಗದ ಟರ್ಮಿನಲ್ ಸ್ಕ್ರೂ. ಒಂದು ತಿಂಗಳು ಲೆಕ್ಕ ಹೀಗೆ ಬಂತು: 7, 11, 6, 14, 9, 7. ಹದಿನಾಲ್ಕು ಬಂದವನು ರಾಯಚೂರು ಕಡೆಯ ನಮ್ಮ ಗೆಳೆಯ. ಅವನಿಗೆ ಲೆಟರ್ ಕೊಟ್ಟರು, ಎರಡು ತಿಂಗಳು ಓವರ್‌ಟೈಮ್ ಇಲ್ಲ ಅಂದರು. ಊರಲ್ಲಿ ಅವನ ಮನೆಗೆ ಮೋಲ್ಡ್ ಹಾಕೋದು ಬಾಕಿ ಇತ್ತು, ಸೆಂಟ್ರಿಂಗ್‌ನವರಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಆರು ಬಂದವನಿಗೆ ಗಿಫ್ಟ್ ವೋಚರ್. ಮುಂದಿನ ತಿಂಗಳು ರಾಯಚೂರಿನವನಿಗೆ 8 ಬಂತು, ವೋಚರ್ ತಗೊಂಡವನಿಗೆ 12. ಸೂಪರ್‌ವೈಸರ್, ನೋಡಿದ್ರಾ ಲೆಟರ್ ಹೇಗೆ ಕೆಲಸ ಮಾಡ್ತು ಅಂತ ಎದೆ ಉಬ್ಬಿಸಿದರು. ವೋಚರ್ ಕೊಟ್ಟವನು ಯಾಕೆ ಕೆಟ್ಟ ಅಂತ ಯಾರೂ ಕೇಳಲಿಲ್ಲ.

ಆಗ ಕ್ಯೂಸಿಯಲ್ಲಿ ಒಬ್ಬರು ಮಲಯಾಳಿ ಸಾರ್ ಇದ್ದರು. ಟೀ ಬ್ರೇಕಲ್ಲಿ ನನ್ನನ್ನು ಕರೆದು ಒಂದು ಹಾಳೆ ಮೇಲೆ ಮೂರು ಗೆರೆ ಎಳೆದು, ಆರು ಚುಕ್ಕಿ ಇಟ್ಟು ತೋರಿಸಿದರು. ಇದು ಯಾರು ಮಾಡಿದ್ದು ಸಾರ್ ಅಂದಾಗ ಶೂಹಾರ್ಟ್ ಹೆಸರು ಹೇಳಿದರು. ಅಂದಿನಿಂದ ಶುಕ್ರವಾರದ ರಜೆಗಳಲ್ಲಿ ಮೊಬೈಲ್‌ನಲ್ಲಿ ಓದಿ ಓದಿ ತಿಳಿದಿದ್ದನ್ನ ಇಲ್ಲಿ ಬರೀತಿದ್ದೀನಿ.

ಶೂಹಾರ್ಟ್ ಹುಟ್ಟಿದ್ದು 1891ರ ಮಾರ್ಚ್ 18ರಂದು, ಅಮೆರಿಕದ ಇಲಿನಾಯ್ ರಾಜ್ಯದ ನ್ಯೂ ಕ್ಯಾಂಟನ್ ಅನ್ನೋ ಸಣ್ಣ ಊರಲ್ಲಿ. ಮಿಸ್ಸಿಸ್ಸಿಪ್ಪಿ ನದಿ ಹತ್ತಿರದ ಪ್ರದೇಶ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿ, ಆಮೇಲೆ ಮಾಸ್ಟರ್ಸ್. 1914ರಲ್ಲಿ ಎಡ್ನಾ ಹಾರ್ಟ್ ಎಂಬವರನ್ನು ಮದುವೆಯಾಗಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದರು, ಅಲ್ಲಿ 1917ರಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಸ್ವಲ್ಪ ಕಾಲ ಪಾಠ ಹೇಳಿದರು. ಅಂದರೆ ಓದಿದ್ದು ಫಿಸಿಕ್ಸ್, ಹೆಸರು ಮಾಡಿದ್ದು ಲೆಕ್ಕದಲ್ಲಿ, ಅನ್ನ ಕೊಟ್ಟಿದ್ದು ಫ್ಯಾಕ್ಟರಿ.

1918ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಗೆ ಸೇರಿದರು. ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆಗೆ ಬೇಕಾದ ಫೋನು, ಕೇಬಲ್ಲು, ರಿಲೇ, ಸ್ವಿಚ್‌ಬೋರ್ಡು ಎಲ್ಲ ಮಾಡ್ತಿದ್ದ ಕಂಪನಿ ಅದು. ಶಿಕಾಗೋ ಪಕ್ಕದ ಸಿಸೆರೋದಲ್ಲಿ ಅವರ ಹಾಥಾರ್ನ್ ಕಾರ್ಖಾನೆ ಇತ್ತು. 1920ರ ದಶಕದಲ್ಲಿ ಅಲ್ಲಿ ಸುಮಾರು 40,000 ಜನ ದುಡೀತಿದ್ದರು. ಅದರಲ್ಲಿ ಬೇರೆ ಬೇರೆ ದೇಶದಿಂದ ಬಂದ ವಲಸೆಗಾರರೂ ಬಹಳ. ನಮ್ಮ ಕ್ಯಾಂಪಿನ ಹಾಗೇ ನಾಲ್ಕಾರು ಭಾಷೆ ಕಿವಿಗೆ ಬೀಳ್ತಿದ್ದಿರಬೇಕು. ಬೆಳಕು ಜಾಸ್ತಿ ಮಾಡಿದರೆ ಕೆಲಸ ಜಾಸ್ತಿ ಆಗುತ್ತಾ ಅಂತ ಕಾರ್ಮಿಕರ ಮೇಲೆ ನಡೆಸಿದ ಹೆಸರಾಂತ ಪರೀಕ್ಷೆ ಶುರುವಾಗಿದ್ದೂ ಇದೇ ಕಾರ್ಖಾನೆಯಲ್ಲಿ, ಶೂಹಾರ್ಟ್ ಕಾಲದಲ್ಲೇ. ಅದು ಬೇರೆ ಕಥೆ.

ಅಲ್ಲಿದ್ದ ತೊಂದರೆ ಏನು? ಟೆಲಿಫೋನ್ ಸಾಮಾನು ಅಂದರೆ ಒಂದು ಸಲ ನೆಲದೊಳಗೆ ಹೂತರೆ ಮುಗೀತು. ಆಂಪ್ಲಿಫೈಯರ್ ಕೆಟ್ಟರೆ ಅಗೆದು ತೆಗೀಬೇಕು. ಹಾಗಾಗಿ ಕೆಟ್ಟ ಮಾಲು ಹೊರಗೆ ಹೋಗಬಾರದು ಅಂತ ಸಾವಿರಾರು ಇನ್‌ಸ್ಪೆಕ್ಟರ್‌ಗಳನ್ನು ಇಟ್ಟಿದ್ದರು. ಅವರ ಕೆಲಸ, ತಯಾರಾಗಿ ಬಂದ ಮಾಲನ್ನು ನೋಡಿ ಇದು ಪಾಸು, ಇದು ಫೇಲು ಅಂತ ಬೇರೆ ಮಾಡೋದು. ಆದರೆ ಫೇಲ್ ಆದ ಮಾಲಿಗೆ ತಾಮ್ರ, ಕೂಲಿ, ಕರೆಂಟು ಎಲ್ಲ ಖರ್ಚಾಗಿ ಆಗಿರುತ್ತಲ್ಲ? ಇನ್ನೊಂದು ವಿಚಿತ್ರ. ಒಂದು ಪೀಸ್ ಸ್ವಲ್ಪ ಆ ಕಡೆ ಬಂದರೆ ಮೆಷಿನ್ ಅಡ್ಜಸ್ಟ್ ಮಾಡೋದು, ಈ ಕಡೆ ಬಂದರೆ ಮತ್ತೆ ತಿರುಗಿಸೋದು. ಹೀಗೆ ಕೈಯಾಡಿಸಿದಷ್ಟೂ ಏರುಪೇರು ಕಡಿಮೆ ಆಗೋ ಬದಲು ಜಾಸ್ತಿ ಆಗ್ತಿತ್ತು. ಇದು ನಮಗೆಲ್ಲ ಗೊತ್ತಿರೋದೇ. ರೂಮಲ್ಲಿ ಒಬ್ಬ ಎಸಿನ 18ಕ್ಕೆ ಇಟ್ಟು ಮಲಗ್ತಾನೆ, ನಡುರಾತ್ರಿ ಇನ್ನೊಬ್ಬ ಎದ್ದು 28 ಮಾಡ್ತಾನೆ, ಬೆಳಗ್ಗೆ ಎಲ್ಲರಿಗೂ ನೆಗಡಿ.

ಶೂಹಾರ್ಟ್ ಅವರ ಮೇಲಧಿಕಾರಿ ಜಾರ್ಜ್ ಎಡ್ವರ್ಡ್ಸ್. 1924ರ ಮೇ 16ರಂದು ಶೂಹಾರ್ಟ್ ಅವರಿಗೆ ಒಂದು ಟಿಪ್ಪಣಿ ಕಳಿಸಿದರು. ಇಡೀ ಟಿಪ್ಪಣಿ ಒಂದೇ ಪುಟ, ಅದರಲ್ಲೂ ಒಂದಷ್ಟು ಜಾಗ ಚಿತ್ರಕ್ಕೇ ಹೋಗಿತ್ತು. ಅಷ್ಟರಲ್ಲೇ ಇವತ್ತು ಪ್ರಪಂಚದ ಫ್ಯಾಕ್ಟರಿಗಳಲ್ಲಿ, ಆಸ್ಪತ್ರೆಗಳಲ್ಲಿ ಕಾಣೋ ಕಂಟ್ರೋಲ್ ಚಾರ್ಟ್ ಇತ್ತು. ಆಗ ಅವರಿಗೆ 33 ವರ್ಷ. ನನಗೆ ಈಗ 34. ನಾನು ಮೇಲಧಿಕಾರಿಗೆ ಇವತ್ತಿನವರೆಗೆ ಬರೆದಿರೋ ಒಂದು ಪುಟ ಅಂದರೆ ರಜೆ ಅರ್ಜಿ.

ಚಾರ್ಟ್ ಹೇಗಿರುತ್ತೆ ಹೇಳ್ತೀನಿ. ಅಡ್ಡಕ್ಕೆ ಕಾಲ: ದಿನ, ವಾರ, ತಿಂಗಳು ಅಥವಾ ಸ್ಯಾಂಪಲ್ ನಂಬರು. ಉದ್ದಕ್ಕೆ ಅಳತೆ. ಮಧ್ಯದಲ್ಲಿ ಸರಾಸರಿಯ ಗೆರೆ. ಮೇಲೊಂದು, ಕೆಳಗೊಂದು ಮಿತಿಯ ಗೆರೆ. ಬಂದ ಲೆಕ್ಕವನ್ನ ಬಂದ ಕ್ರಮದಲ್ಲೇ ಚುಕ್ಕಿ ಇಡ್ತಾ ಹೋಗಬೇಕು. ಗಮನಿಸಿ, ಈ ಮಿತಿ ಡ್ರಾಯಿಂಗ್‌ನಲ್ಲಿ ಬರೆದಿರೋ ಟಾಲರೆನ್ಸ್ ಅಲ್ಲ, ಮ್ಯಾನೇಜರ್ ಇಟ್ಟ ಟಾರ್ಗೆಟ್ಟೂ ಅಲ್ಲ. ಆ ಕೆಲಸವೇ ತನ್ನ ಅಳತೆಗಳಿಂದ ಹೇಳೋ ಮಿತಿ. ನಮ್ಮ ಮನೆ ವೋಲ್ಟೇಜ್ ತಗೊಳ್ಳಿ: 238, 241, 236, 240. ಇದು ಯಾಕೆ 236 ಆಯ್ತು, ಯಾಕೆ 241 ಆಯ್ತು ಅಂತ ಯಾರಾದರೂ ವಿಚಾರಣೆ ಮಾಡ್ತಾರಾ? ಸಾವಿರ ಸಣ್ಣ ಕಾರಣ ಸೇರಿ ಆಗೋ ಏರುಪೇರು ಅದು. ಅದೇ 205ಕ್ಕೆ ಬಿತ್ತು ಅಂದರೆ ಎಲ್ಲೋ ನ್ಯೂಟ್ರಲ್ ಲೂಸ್ ಇದೆ, ಟೆಸ್ಟರ್ ತಗೊಂಡು ಹೊರಡಬೇಕು. ಶೂಹಾರ್ಟ್ ಹೇಳಿದ್ದು ಇಷ್ಟೇ, ಏರುಪೇರಿನಲ್ಲಿ ಎರಡು ಜಾತಿ ಇದೆ. ಒಂದು ಆ ವ್ಯವಸ್ಥೆಯಲ್ಲೇ ಹುಟ್ಟಿ ಬರೋದು, ಅದಕ್ಕೆ ಬಿಡಿ ಬಿಡಿ ಕಾರಣ ಹುಡುಕಿ ಪ್ರಯೋಜನ ಇಲ್ಲ. ಇನ್ನೊಂದು ಹೊರಗಿನಿಂದ ನುಗ್ಗಿದ್ದು, ಹುಡುಕಿದರೆ ಕೈಗೆ ಸಿಗುತ್ತೆ. ಯಾವುದು ಯಾವುದು ಅಂತ ಕಣ್ಣಳತೆಯಲ್ಲಿ ಗೊತ್ತಾಗಲ್ಲ, ಅದಕ್ಕೇ ಗೆರೆ.

ಗೆರೆ ಎಷ್ಟು ದೂರ ಎಳೀಬೇಕು? ಇಲ್ಲಿ ಅವರು ವ್ಯಾಪಾರಸ್ಥನ ತಲೆ ಓಡಿಸಿದರು. ಗೆರೆ ತೀರಾ ಹತ್ತಿರ ಇದ್ದರೆ ಏನೂ ಆಗದೇ ಇದ್ದಾಗಲೂ ಅಲಾರಂ ಹೊಡೆಯುತ್ತೆ, ಜನ ಸುಮ್ಮನೆ ಓಡಾಡ್ತಾರೆ, ಅಮಾಯಕನಿಗೆ ಬೈಗುಳ ಬೀಳುತ್ತೆ. ತೀರಾ ದೂರ ಇದ್ದರೆ ನಿಜವಾಗಿ ಕೆಟ್ಟಾಗಲೂ ಸುಮ್ಮನಿರುತ್ತೆ. ನಮ್ಮ ಎಂಸಿಬಿ ರೇಟಿಂಗ್ ಆರಿಸೋ ಹಾಗೇ ಇದು. ಮೋಟರ್ ಸ್ಟಾರ್ಟ್ ಆದಾಗಲೆಲ್ಲ ಟ್ರಿಪ್ ಆಗೋ ಬ್ರೇಕರೂ ಬೇಡ, ವೈರ್ ಸುಟ್ಟರೂ ಟ್ರಿಪ್ ಆಗದ್ದೂ ಬೇಡ. ಎರಡೂ ನಷ್ಟ ತೂಗಿ ನೋಡಿ ಸರಾಸರಿಯಿಂದ ಮೂರು ಸಿಗ್ಮಾ ದೂರದಲ್ಲಿ ಗೆರೆ ಇಟ್ಟರು. ಸಿಗ್ಮಾ ಅಂದರೆ ಅಳತೆಗಳು ಮಾಮೂಲಾಗಿ ಎಷ್ಟು ಹರಡಿಕೊಂಡಿರ್ತವೆ ಅನ್ನೋದರ ಅಳತೆ. ತಪ್ಪು ಎಣಿಸೋ ಲೆಕ್ಕದಲ್ಲಿ ಅದು ಸುಲಭ, ಸರಾಸರಿಯ ವರ್ಗಮೂಲ ತೆಗೆದರೆ ಆಯ್ತು.

ನಮ್ಮ ಶಾಪಿನ ಲೆಕ್ಕಕ್ಕೇ ಹಾಕಿ. ಆರು ಜನರದ್ದು ಕೂಡಿದರೆ 54, ಸರಾಸರಿ 9. ಒಂಬತ್ತರ ವರ್ಗಮೂಲ 3. ಮೂರು ಸಿಗ್ಮಾ ಅಂದರೆ 9. ಮೇಲಿನ ಗೆರೆ 18, ಕೆಳಗಿನದು ಸೊನ್ನೆ. ಹದಿನಾಲ್ಕೂ ಒಳಗೇ, ಆರೂ ಒಳಗೇ. ಮಲಯಾಳಿ ಸಾರ್ ಹಾಳೆ ನನ್ನ ಕೈಗೆ ಕೊಟ್ಟಾಗ ನಾನು ಎರಡು ಸಲ ಕೂಡಿಸಿ ನೋಡಿದೆ. ಈ ಆರು ಜನರಲ್ಲಿ ಒಬ್ಬ ಕೆಟ್ಟವನು, ಒಬ್ಬ ಒಳ್ಳೆಯವನು ಅಂತ ಹೇಳೋಕೆ ಆ ಲೆಕ್ಕದಲ್ಲಿ ಏನೂ ಇರಲಿಲ್ಲ. ಲೆಟರೂ ಸುಮ್ಮನೆ, ವೋಚರೂ ಸುಮ್ಮನೆ.

ಶೂಹಾರ್ಟ್ ಇದನ್ನ ಬರೀ ಕಾಗದದ ಮೇಲೆ ನಂಬಿಕೊಂಡು ಕೂರಲಿಲ್ಲ. 998 ಬಿಲ್ಲೆಗಳ ಮೇಲೆ ನಂಬರ್ ಬರೆದು ಒಂದು ಬೋಗುಣಿಗೆ ಹಾಕಿದರು. ಒಂದು ಬಿಲ್ಲೆ ತೆಗೆಯೋದು, ನಂಬರ್ ಬರ್ಕೊಳ್ಳೋದು, ವಾಪಸ್ ಹಾಕಿ ಕಲಸೋದು, ಮತ್ತೆ ತೆಗೆಯೋದು. ಹೀಗೆ 4000 ಸಲ! ನಾಲ್ಕು ನಾಲ್ಕರ ಗುಂಪು ಮಾಡಿ ಸಾವಿರ ಸ್ಯಾಂಪಲ್‌ಗಳ ಸರಾಸರಿ ನೋಡಿದರು. ನಮ್ಮ ರಾಜ್ಯೋತ್ಸವದ ತಂಬೋಲಾ ಆಟ ಒಂದು ಗಂಟೆ ನಡೆಸೋಕೇ ಕಾರ್ಯದರ್ಶಿಗಳಿಗೆ ಗಂಟಲು ಕಟ್ಟುತ್ತೆ. ಈ ಮನುಷ್ಯನ ತಾಳ್ಮೆ ಯೋಚಿಸಿ. ಬೋಗುಣಿ ಅದೇ, ಬಿಲ್ಲೆ ಅವೇ, ಯಾರೂ ಏನೂ ಬದಲಾಯಿಸಿಲ್ಲ, ಆದರೂ ಸರಾಸರಿ ಮೇಲೆ ಕೆಳಗೆ ಆಡ್ತಾನೇ ಇರುತ್ತೆ. ಕಾರಣವಿಲ್ಲದ ಏರುಪೇರು ನೋಡೋಕೆ ಹೇಗಿರುತ್ತೆ ಅಂತ ಮೊದಲು ತಿಳಿದರೆ ತಾನೇ, ಕಾರಣ ಇರೋದನ್ನ ಗುರುತು ಹಿಡಿಯೋಕಾಗೋದು.

ಎಲೆಕ್ಟ್ರಿಷಿಯನ್ ಆಗಿ ನನಗೆ ತುಂಬಾ ಹಿಡಿಸಿದ್ದು ಅವರ ಪುಸ್ತಕದ ಒಂದು ಉದಾಹರಣೆ. 1925ರಲ್ಲಿ ಬೆಲ್ ಲ್ಯಾಬೊರೇಟರೀಸ್ ಶುರುವಾದಾಗ ಶೂಹಾರ್ಟ್ ಅಲ್ಲಿಗೆ ಬಂದರು, ಕೊನೆವರೆಗೂ ಅಲ್ಲೇ ಇದ್ದರು. 1931ರಲ್ಲಿ ದೊಡ್ಡ ಪುಸ್ತಕ ಬರೆದರು, ತಯಾರಾದ ಮಾಲಿನ ಗುಣಮಟ್ಟವನ್ನು ಮಿತವ್ಯಯದಲ್ಲಿ ಹತೋಟಿಯಲ್ಲಿಡೋ ಬಗ್ಗೆ. ಅದರಲ್ಲಿ ಒಂದು ಇನ್ಸುಲೇಷನ್ ವಸ್ತುವಿನ ರೆಸಿಸ್ಟೆನ್ಸ್ ಅಳತೆ ಕೊಟ್ಟಿದ್ದಾರೆ. ನಾವು ಮೆಗ್ಗರ್ ಹಾಕಿ ನೋಡ್ತೀವಲ್ಲ, ಅದೇ, ಮೆಗಾಓಮ್‌ನಲ್ಲಿ. ಒಟ್ಟು 204 ಅಳತೆ, ನಾಲ್ಕು ಸಾವಿರ, ನಾಲ್ಕೂವರೆ ಸಾವಿರ, ಐದು ಸಾವಿರ ಆಸುಪಾಸು. ನಾವಾಗಿದ್ದರೆ ಎಲ್ಲಾ ಓಕೆ ಅಂತ ಶೀಟಿಗೆ ಸೈನ್ ಹಾಕಿ ಊಟಕ್ಕೆ ಹೋಗ್ತಿದ್ವಿ. ಅವರು ಅದನ್ನ ತಯಾರಾದ ಕ್ರಮದಲ್ಲೇ ನಾಲ್ಕು ನಾಲ್ಕು ಮಾಡಿ, 51 ಸರಾಸರಿ ತೆಗೆದು ಚಾರ್ಟಿಗೆ ಹಾಕಿದರು. ಹಲವು ಚುಕ್ಕಿಗಳು ಗೆರೆ ದಾಟಿದ್ದವು. ಅಂದರೆ ತಯಾರಿಕೆಯಲ್ಲಿ ಏನೋ ಆಗಾಗ ಬದಲಾಗ್ತಿದೆ ಅಂತ. ಹುಡುಕಿದರು, ಕಾರಣ ಸಿಕ್ಕವು, ತೆಗೆದರು. ಆಮೇಲೆ ಮಾಡಿದ ಮಾಲಿನ ಅಳತೆ ಗೆರೆಯೊಳಗೆ ಬಂತು.

ಇಲ್ಲಿ ಕ್ರಮ ಅನ್ನೋದು ಮುಖ್ಯ. ಆ 204 ಅಳತೆಗಳನ್ನ ಒಂದು ಚೀಲಕ್ಕೆ ಸುರಿದು ಸರಾಸರಿ ಮಾತ್ರ ತೆಗೆದಿದ್ದರೆ ಯಾವ ಕಥೆಯೂ ಹೊರಗೆ ಬರ್ತಿರಲಿಲ್ಲ. ಸೈಟಿನಲ್ಲಿ ಹಿಂದಿನ ದಿನದ ರೀಡಿಂಗ್ ನೋಡಿ ಇವತ್ತಿನದು ತುಂಬೋರು, ಒಂದು ವಾರದ್ದು ಒಂದೇ ಪೆನ್ನಲ್ಲಿ ಕೂತು ಬರೆಯೋರು ಇದ್ದಾರಲ್ಲ (ನಾನೂ ಹೊಸದರಲ್ಲಿ ಮಾಡಿದ್ದೀನಿ, ಒಪ್ಕೊಳ್ತೀನಿ), ಅವರು ಮೆಷಿನ್ನಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಅವರ ಬರವಣಿಗೆ ಮಾತ್ರ ಬಹಳ ಕಷ್ಟ ಅಂತ ಎಲ್ಲರದ್ದೂ ದೂರು. ಬಲ್ಲವರೇ ಒದ್ದಾಡ್ತಾರಂತೆ. ಮನುಷ್ಯ ಮೃದು, ಸಭ್ಯಸ್ಥ, ಗಲಾಟೆ ಇಲ್ಲ. ಇಂಥವರಿಗೆ ಒಬ್ಬ ಮಾತುಗಾರ ಶಿಷ್ಯ ಬೇಕಾಗುತ್ತೆ, ಅದು ಸಿಕ್ಕಿತು. ಎಡ್ವರ್ಡ್ಸ್ ಡೆಮಿಂಗ್ ಅಂತ, ಇವರೂ ಭೌತಶಾಸ್ತ್ರ ಓದಿದವರು, ವಿದ್ಯಾರ್ಥಿಯಾಗಿದ್ದಾಗ ಬೇಸಿಗೆ ರಜೆಯಲ್ಲಿ ಹಾಥಾರ್ನ್‌ನಲ್ಲಿ ಕೆಲಸ ಮಾಡಿದ್ದರು. ಆಮೇಲೆ ಶೂಹಾರ್ಟ್ ಪರಿಚಯವಾಗಿ ಅವರ ವಿಚಾರಕ್ಕೆ ಮಾರುಹೋದರು. 1938ರಲ್ಲಿ ವಾಷಿಂಗ್ಟನ್‌ನಲ್ಲಿ ಕೃಷಿ ಇಲಾಖೆಯ ಶಾಲೆಗೆ ಕರೆಸಿ ಉಪನ್ಯಾಸ ಕೊಡಿಸಿ, ಅದನ್ನು ತಾವೇ ತಿದ್ದಿ ತೀಡಿ ಮರುವರ್ಷ ಪುಸ್ತಕ ಮಾಡಿದರು. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಇಂಜಿನಿಯರ್‌ಗಳಿಗೆ, ಕಂಪನಿ ಯಜಮಾನರಿಗೆ ಡೆಮಿಂಗ್ ಕಲಿಸಿದ್ದರ ಬುಡದಲ್ಲಿ ಇದ್ದದ್ದು ಶೂಹಾರ್ಟ್ ಅವರ ಚಾರ್ಟೇ. ಯುದ್ಧ ಮುಗಿದಾಗ ಕಳಪೆ ಮಾಲು ಅಂತ ಹೆಸರಾಗಿದ್ದ ಜಪಾನು ಎಲ್ಲಿಗೆ ಹೋಯ್ತು ಅಂತ ಇಲ್ಲಿನ ರಸ್ತೆ ಮೇಲೆ ಓಡೋ ಲ್ಯಾಂಡ್ ಕ್ರೂಸರ್‌ಗಳನ್ನ ನೋಡಿದರೆ ಸಾಕು. ಹೆಸರು ಬಂದಿದ್ದು ಹೆಚ್ಚಾಗಿ ಡೆಮಿಂಗ್‌ಗೆ. ಆದರೆ ಅವರು ಗುರುವಿನ ಹೆಸರು ಮುಚ್ಚಿಡಲಿಲ್ಲ, ಹೋದಲ್ಲೆಲ್ಲ ಹೇಳಿದರು. ಅದನ್ನ ಮೆಚ್ಚಬೇಕು. ನಮ್ಮ ಕಡೆ ಕೆಲಸ ಕಲಿಸಿದವನ ಹೆಸರು ಹೇಳೋಕೆ ಎಷ್ಟು ಜನಕ್ಕೆ ನಾಲಿಗೆ ಹೊರಳುತ್ತೆ?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ಕಂಟ್ರೋಲ್ ಚಾರ್ಟ್ ವಿಧಾನವನ್ನು ಯುದ್ಧಕಾಲದ ಸ್ಟ್ಯಾಂಡರ್ಡ್ ಆಗಿ ಹೊರತಂದು ಯುದ್ಧ ಸಾಮಗ್ರಿ ಕಾರ್ಖಾನೆಗಳಿಗೆ ಕಲಿಸಿದರು. ಒಂದು ಪುಟದ ಟಿಪ್ಪಣಿ ಹದಿನೇಳು ಹದಿನೆಂಟು ವರ್ಷದಲ್ಲಿ ಅಲ್ಲಿಗೆ ಮುಟ್ಟಿತ್ತು.

ನಮಗೂ ಅವರಿಗೂ ಒಂದು ನಂಟು ಇದೆ, ಇದು ನನಗೆ ತಿಳಿದಾಗ ಬಹಳ ಖುಷಿ ಆಯ್ತು. 1947-48ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದ ಕೂಡಲೇ, ಶೂಹಾರ್ಟ್ ಇಂಡಿಯಾಕ್ಕೆ ಬಂದಿದ್ದರು. ಕರೆಸಿದವರು ಕಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಪ್ರಶಾಂತಚಂದ್ರ ಮಹಾಲನೋಬಿಸ್. ದೇಶ ಸುತ್ತಿ, ಸಭೆಗಳಲ್ಲಿ ಮಾತಾಡಿ, ಕಾರ್ಖಾನೆಯವರಿಗೆ ಇದರ ರುಚಿ ಹತ್ತಿಸಿದರು. ಆ ಸಂಸ್ಥೆ 1950ರ ದಶಕದಲ್ಲಿ ಊರೂರಿಗೆ ಗುಣಮಟ್ಟ ನಿಯಂತ್ರಣದ ಘಟಕ ತೆರೆದಾಗ ಬೆಂಗಳೂರಿಗೂ ಒಂದು ಬಂತು. ಇವತ್ತು ಮೈಸೂರು ರಸ್ತೆಯಲ್ಲಿರೋ ಆ ಸಂಸ್ಥೆಯ ಬೆಂಗಳೂರು ಕೇಂದ್ರದ ಮುಂದೆ ನಾನು ಎಷ್ಟೋ ಸಲ ಬಸ್ಸಲ್ಲಿ ಹೋಗಿದ್ದೀನಿ. ಬೋರ್ಡ್ ಓದಿ, ಜನಗಣತಿ ಆಫೀಸೇನೋ ಅಂದ್ಕೊಂಡಿದ್ದೆ.

1956ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ನಿವೃತ್ತರಾದರು. ಅದೇ ವರ್ಷ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಕಾರ್ಖಾನೆಯವರಿಗೆ ಅರ್ಥವಾಗೋ ಭಾಷೆಯಲ್ಲಿ ಒಂದು ಕೈಪಿಡಿ ತಂದಿತು. ಒಂದು ಚುಕ್ಕಿ ಗೆರೆ ದಾಟೋದನ್ನೇ ಕಾಯಬೇಡಿ, ಸಾಲಾಗಿ ಎಂಟು ಚುಕ್ಕಿ ಮಧ್ಯದ ಗೆರೆಯ ಒಂದೇ ಕಡೆ ಬಿದ್ದರೂ ಏನೋ ಆಗಿದೆ ಅನ್ನೋ ನಿಯಮ ಅದರಲ್ಲಿದೆ. ನಾಣ್ಯ ಚಿಮ್ಮಿ ನೋಡಿ. ಎಂಟು ಸಲ ಚಿಮ್ಮಿದರೆ ಎಂಟೂ ಸಲ ಹೆಡ್ ಬೀಳೋದು 256ರಲ್ಲಿ ಒಂದು ಸಲ.

ಈ ನಿಯಮವೇ ನಮ್ಮ ಶಾಪಲ್ಲಿ ಕೆಲಸಕ್ಕೆ ಬಂತು. ಮಲಯಾಳಿ ಸಾರ್ ಹೆಸರು ಬಿಟ್ಟು, ವಾರಕ್ಕೆ ಒಟ್ಟು ತಪ್ಪು ಎಷ್ಟು ಅಂತ ಚಾರ್ಟ್ ಶುರು ಮಾಡಿದ್ದರು. ಸರಾಸರಿ 12, ಮೇಲಿನ ಗೆರೆ 22. ಬೇಸಿಗೆ ಹೊತ್ತಿಗೆ 13, 15, 14, 16, 13, 17, 15, 18 ಅಂತ ಬಂತು. ಒಂದೂ ಗೆರೆ ದಾಟಿಲ್ಲ, ಆದರೆ ಎಂಟೂ ಮಧ್ಯದ ಗೆರೆ ಮೇಲೆ. ಮೊದಲಾಗಿದ್ದರೆ ಬಿಸಿಲಿಗೆ ಹುಡುಗರು ಸೋಂಬೇರಿ ಆಗಿದ್ದಾರೆ ಅಂತ ಮೂರು ಲೆಟರ್ ಹೊರಡ್ತಿತ್ತು. ಈ ಸಲ ಸಾರ್ ತಪ್ಪುಗಳ ಪಟ್ಟಿ ತೆಗೆದರು. ಹೆಚ್ಚಾಗಿದ್ದು ಬರೀ ಲೂಸ್ ಲಗ್, ಅದೂ ಒಂದೇ ಸೈಜಿನದ್ದು. ನಾವು ಆರೂ ಜನ ಹಂಚ್ಕೊಂಡು ಬಳಸ್ತಿದ್ದ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್‌ನಲ್ಲಿ ಆ ಸೈಜಿನ ಡೈ ಸವೆದಿತ್ತು. ಎಷ್ಟು ಒತ್ತಿದರೂ ಲಗ್ ಪೂರ್ತಿ ಹಿಡೀತಿರಲಿಲ್ಲ. ಹೊಸ ಡೈ ಬಂತು, ಚುಕ್ಕಿ ಕೆಳಗಿಳಿದವು. ಲೂಸ್ ಲಗ್ ಅಂದರೆ ಏನು ಅಂತ ಈ ಸಂಚಿಕೆ ಓದೋ ಎಲೆಕ್ಟ್ರಿಷಿಯನ್‌ಗಳಿಗೆ ನಾನು ಹೇಳಬೇಕಾಗಿಲ್ಲ. ಯಾರದೋ ಬಿಲ್ಡಿಂಗಲ್ಲಿ ಪೂರ್ತಿ ಲೋಡ್ ಬಿದ್ದ ದಿನ ಹೊಗೆ ಬರೋದು ಅಲ್ಲಿಂದಲೇ.

ಗೆರೆಯೊಳಗೆ ಇದ್ದರೆ ಎಲ್ಲಾ ಸರಿ ಅಂತಲೂ ಅಲ್ಲ. ಸರಾಸರಿ 9 ತಪ್ಪು ಅನ್ನೋದೇ ಜಾಸ್ತಿ. ಅದನ್ನ 4 ಮಾಡಬೇಕಾದರೆ ಒಳ್ಳೆ ಬೆಳಕು, ಓದೋಕೆ ಆಗೋ ಡ್ರಾಯಿಂಗ್, ಸರಿಯಾದ ಟಾರ್ಕ್ ಸ್ಕ್ರೂಡ್ರೈವರ್ ಬೇಕು. ಅದು ಕೊಡೋದು ಮೇಲಿನವರ ಕೈಲಿದೆ, ವೈರ್‌ಮ್ಯಾನ್ ಕೈಲಿಲ್ಲ. ಶೂಹಾರ್ಟ್ ಚಾರ್ಟ್ ಮೇಲಿನವರಿಗೆ ಅಷ್ಟಾಗಿ ಹಿಡಿಸದೇ ಇರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಬೆರಳು ಅವರ ಕಡೆಗೇ ತಿರುಗುತ್ತೆ.

ಶೂಹಾರ್ಟ್ ತೀರಿಕೊಂಡಿದ್ದು 1967ರ ಮಾರ್ಚ್ 11ರಂದು, ನ್ಯೂಜೆರ್ಸಿಯಲ್ಲಿ. ಇನ್ನೊಂದು ವಾರ ಇದ್ದಿದ್ದರೆ 76 ತುಂಬ್ತಿತ್ತು. ಅಮೆರಿಕದ ಗುಣಮಟ್ಟ ಸಂಘ ಅವರನ್ನ ತನ್ನ ಮೊದಲ ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತ್ತು. ಅವರ ಹೆಸರಲ್ಲಿ ಇವತ್ತಿಗೂ ಒಂದು ಪದಕ ಕೊಡ್ತಾರೆ.

ರಾಯಚೂರಿನ ಗೆಳೆಯನ ಮೋಲ್ಡ್ ಒಂದು ಮಳೆಗಾಲ ತಡ ಆಯ್ತು, ಆದರೆ ಆಯ್ತು. ಕಳೆದುಹೋದ ಓವರ್‌ಟೈಮ್ ವಾಪಸ್ ಬರಲಿಲ್ಲ. ಫೈಲಿಂದ ಲೆಟರ್ ತೆಗೆಸೋಕೆ ಆಗಲ್ಲ ಅಂದರಂತೆ. ಅದಕ್ಕೆ ಮಲಯಾಳಿ ಸಾರ್ ಆ ತಿಂಗಳ ಚಾರ್ಟ್‌ನ ಒಂದು ಜೆರಾಕ್ಸ್ ತೆಗೆದು, ಸೈನ್ ಹಾಕಿ, ಲೆಟರಿನ ಹಿಂದೆ ಪಿನ್ ಹೊಡೆಸಿದ್ದಾರೆ.